ಕಾಮಣ್ಣನಿಗೆ ಹೋದ ಬಾಗಿಲು

ಯಲ್ಲೇಶ ಟಿವಿ ಬಿಟ್ಟು ಸರಕಾರಿ ನೌಕರಿಗೆ ಬಂದದ್ದು ಜನಸೇವೆಯ ಹುಚ್ಚಿನಿಂದಲ್ಲ, ಪಗಾರದ ಆಸೆಯಿಂದಲೂ ಅಲ್ಲ. ಸಾಯಂಕಾಲ ಐದೂವರೆಗೆ ಎಳೆದು ಕೀಲಿ ಹಾಕಬಹುದಾದ ಒಂದು ಬಾಗಿಲು ಅವನಿಗೆ ಬೇಕಾಗಿತ್ತು, ಅಷ್ಟೆ. ಒಬ್ಬ ಮನುಷ್ಯನ ಆಸೆ ಇದಕ್ಕಿಂತ ಸಣ್ಣದಿರುವುದು ಕಷ್ಟ. ಆದರೆ ದೊಡ್ಡ ಆಸೆಗಳನ್ನು ನೋಡಿಯೂ ನೋಡದಂತೆ ಬಿಡುವ ದೇವರು ಸಣ್ಣ ಆಸೆಗಳ ಮೇಲೆಯೇ ಕಣ್ಣು ಹಾಕುತ್ತಾನೆ.

ಟಿವಿಯ ನೌಕರಿಗೆ ಬಾಗಿಲೆಂಬುದೇ ಇರಲಿಲ್ಲ. ಹುಬ್ಬಳ್ಳಿಯ ಒಂದು ಸುದ್ದಿ ವಾಹಿನಿಗೆ ಅವನು ಜಿಲ್ಲೆಯ ವರದಿಗಾರ. ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚುವಷ್ಟರಲ್ಲಿ ಫೋನು ಬರುತ್ತಿತ್ತು: ಅಳ್ನಾವರದ ಹತ್ತಿರ ಆನೆ ಹಳಿ ದಾಟಿದೆಯಂತೆ, ಓಡು. ಓಡಿಹೋಗಿ ನಿಲ್ಲುವ ಹೊತ್ತಿಗೆ ಆನೆ ತನ್ನ ಪಾಡಿಗೆ ಕಾಡು ಸೇರಿರುತ್ತಿತ್ತು. ಸ್ಟುಡಿಯೋದವರು ಬಿಡಬೇಕಲ್ಲ! ಇಲ್ಲದ ಆನೆಯ ಬಗ್ಗೆ, ಬಾರದ ಅರಣ್ಯಾಧಿಕಾರಿಯ ಬಗ್ಗೆ, ಯಾರೂ ಪಡದ ಆತಂಕದ ಬಗ್ಗೆ ಅವನು ಬಾಯಿಗೆ ಬಂದದ್ದನ್ನು ಹೇಳುತ್ತ ನಿಲ್ಲಬೇಕಿತ್ತು. ತನ್ನ ಮದುವೆಯ ದಿನ ಊಟದ ಪಂಕ್ತಿಯಿಂದ ಎದ್ದು, ಬಾಸಿಂಗ ಬಿಚ್ಚಿ ಬೆನ್ನ ಹಿಂದೆ ಹಿಡಿದುಕೊಂಡು, ಕಲ್ಯಾಣಮಂಟಪದ ಹಿತ್ತಲಲ್ಲಿ ನಿಂತು ಈರುಳ್ಳಿ ದರದ ಮೇಲೆ ಲೈವ್ ಕೊಟ್ಟ ಗಂಡು ಅವನು.

ಹೆಂಡತಿ ಸುಮಂಗಲಾ ಸಮಾಧಾನದ ಹೆಂಗಸು. ಗುಡಗೇರಿಯಲ್ಲಿ ರೇಲ್ವೆ ಸ್ಟೇಶನ್ ಹತ್ತಿರದ ಬಾಡಿಗೆ ಮನೆಯಲ್ಲಿ ಊರವರ ಜಂಪರ್ ಹೊಲಿಯುತ್ತ ವರ್ಷಗಟ್ಟಲೆ ತಾಳಿಕೊಂಡಳು. ಒಂದು ದಿನ ಅವಳಿಗೂ ಸಾಕಾಯಿತು.

“ಸಂಜೀಮುಂದ ಕೀಲಿ ಹಾಕೂ ನೌಕರಿ ಯಾವುದರ ಇದ್ರ ಹಿಡೀರಿ,” ಎಂದಳು, “ಇಲ್ಲಾಂದ್ರ ನಾ ತಂಬೂರಿಗೆ ನಮ್ಮವ್ವನ ಮನಿಗೆ ಹೋಗಿ ಕುಂದರತೀನಿ. ಅಲ್ಲಿ ಕುಂತೂ ನಿಮ್ಮನ್ನ ಟಿವಿಯೊಳಗ ನೋಡಬೌದಲ್ಲ.”

ಅವಳು ಸಿಟ್ಟು ಮಾಡಿ ಹೇಳಿದ್ದರೆ ಯಲ್ಲೇಶ ಹೆದರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುತ್ತ ಸಾವಕಾಶವಾಗಿ ಹೇಳಿದಳು. ಅವನು ಪರೀಕ್ಷೆಗೆ ಕಟ್ಟಿದ, ಓದಿದ, ಪಾಸಾದ. ಗುಡಗೇರಿಗೆ ಹತ್ತಿರದ ಬಸರಿಗಟ್ಟಿ ಎಂಬ ಊರಿಗೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯಾಗಿ ಹೋಗಿ ಕುಳಿತ.

ಪಂಚಾಯ್ತಿ ಕಚೇರಿ ಊರಿನ ಹಳೆಯ ಚಾವಡಿಯಲ್ಲಿತ್ತು. ಅದಕ್ಕೊಂದು ಸಾಗವಾನಿ ಬಾಗಿಲು, ಇಬ್ಬರು ಸೇರಿ ದೂಡಬೇಕು. ನೋಡಿದ ಕೂಡಲೆ ಯಲ್ಲೇಶನಿಗೆ ಕಣ್ಣು ತುಂಬಿ ಬಂದವು. ದಿನಾ ಐದೂವರೆಗೆ, ಊರಿಗೆ ನಲ್ಲಿ ನೀರು ಬಿಡುವ ಪಂಚಾಯ್ತಿಯ ಆಳು ಮಲಕಪ್ಪನೂ ಇವನೂ ಕೂಡಿ ಅದನ್ನು ಎಳೆಯುತ್ತಿದ್ದರು, ಕೀಲಿ ಹಾಕಿ ಜಗ್ಗಿ ನೋಡುತ್ತಿದ್ದರು. ಆಮೇಲೆ ಮನೆ, ಕೈಕಾಲು ಮುಖ, ತಾಟು. ಸುಮಂಗಲಾ ರೊಟ್ಟಿ ಬಡಿಯುವಾಗ ಮೂಗಿನಲ್ಲೇ ಏನೋ ಗುನುಗುತ್ತಾಳೆಂಬುದು ಅವನಿಗೆ ಗೊತ್ತಾದದ್ದೇ ಆಗ. ಇಷ್ಟು ವರ್ಷ ಇವಳು ಹಾಡುತ್ತಿದ್ದಳು, ನಾನು ಆನೆಯ ಹಿಂದೆ ಇದ್ದೆ ಎಂದುಕೊಂಡು ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ. ಸುಖ ಎಂದರೆ ಅದೇ ಇರಬೇಕು. ಚಳಿಗಾಲ ಮುಗಿಯುವ ತನಕ ಅವನಿಗೆ ಅದು ಸಿಕ್ಕಿತು.

ಹೋಳಿ ಹುಣ್ಣಿಮೆಗೆ ಇನ್ನೂ ನಾಲ್ಕಾರು ದಿನವಿರುವಾಗ ಒಂದು ಮುಂಜಾನೆ ಕಚೇರಿಗೆ ಬಂದರೆ ಮಲಕಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಕೈಯಲ್ಲಿ ಕೀಲಿ ಇತ್ತು, ಹಾಕಿದ ಬೀಗ ಹಾಕಿದ ಹಾಗೇ. ಬೆನ್ನ ಹಿಂದೆ ಬಾಗಿಲು ಇರಲಿಲ್ಲ.

“ಕೀಲಿ ಭದ್ರ ಐತ್ರಿ ಸಾಹೇಬ್ರ,” ಎಂದ ಮಲಕಪ್ಪ, “ನೆಲದ ಮ್ಯಾಲ ಇಟ್ಟು ಹೋಗ್ಯಾರ. ಬಾಗಿಲಾ ಅಷ್ಟ ಇಲ್ರಿ.”

ಕಾಮಣ್ಣನನ್ನು ಸುಡಲು ಕುಳ್ಳು, ಕಟ್ಟಿಗೆ ಕದಿಯುವುದು ನಮ್ಮ ಕಡೆ ಕಳವಲ್ಲ. ಹಿತ್ತಲ ಬೇಲಿ ಹೋದರೆ ಮುದುಕಿಯರು ಬಾಯಿತುಂಬ ಬೈಯುತ್ತಾರೆ, ಬೈಯದಿದ್ದರೆ ಹುಡುಗರಿಗೆ ರುಚಿಯಿಲ್ಲ. ಆದರೆ ಸರಕಾರದ ಬಾಗಿಲು? ಯಲ್ಲೇಶ ಊರ ನಡುವಿನ ಬಯಲಿಗೆ ಓಡಿದ. ಅಲ್ಲಿ ಕುಳ್ಳಿನ ರಾಶಿ, ಮುರುಕು ಹೊರಸು, ಬಂಡಿಯ ಗಾಲಿ, ಎಲ್ಲದರ ಮೇಲೆ ಅವನ ಬಾಗಿಲು ಮಲಗಿತ್ತು. ಯಾರೋ ಅರಿಷಿಣ ಕುಂಕುಮ ಹಚ್ಚಿದ್ದರು.

ರಾಶಿಯ ಪಕ್ಕದಲ್ಲಿ ಕಾಮಣ್ಣನ ಹಿರಿಯ ಗುಡದಪ್ಪ ಬೀಡಿ ಸೇದುತ್ತಿದ್ದ. ಊರಿನಲ್ಲಿ ಹೋಳಿಯ ಲೆಕ್ಕವೆಲ್ಲ ಅವನದೇ.

“ಇದನ್ಯಾಕ ತಂದ್ರಿ ಗುಡದಪ್ಪಾರ? ಕಚೇರಿ ಬಾಗಿಲಾ ಇದು!”

“ಮತ್ತ ಊರಾಗ ಇದಕ್ಕಿಂತ ಹಿರೀ ಬಾಗಿಲಾ ಯಾವುದೈತ್ರಿ?” ಗುಡದಪ್ಪ ಬೀಡಿ ತೆಗೆದ. “ಕಾಮಣ್ಣಗ ಊರಿನ ಹಿರೀ ಬಾಗಿಲಾ ಕೊಡಬೇಕು, ರಾಶಿ ಏರಿದ ಬಾಗಿಲಾ ತಿರುಗಿ ಹೋದ್ರ ಊರಿಗೆ ಕೇಡು. ನೀವ ಹೇಳೀರಲ್ರಿ.”

“ನಾನಾ?”

ಮಲಕಪ್ಪ ಮೊಬೈಲ್ ತೆಗೆದು ತೋರಿಸಿದ. ಹೋದ ವರ್ಷದ ಹೋಳಿ, ಇದೇ ಬಯಲು, ಮೈಕ್ ಹಿಡಿದ ಯಲ್ಲೇಶ. ಸ್ಟುಡಿಯೋದಲ್ಲಿ ಯಾರೋ ಮಂತ್ರಿ ಬರುವುದು ತಡವಾಗಿತ್ತು, ಎಳೆಯಿರಿ, ಇನ್ನೂ ಎಳೆಯಿರಿ ಎಂದು ಕಿವಿಯಲ್ಲಿ ಅರಚುತ್ತಿದ್ದರು. ಇವನು ಎಳೆದಿದ್ದ. “ವೀಕ್ಷಕರೇ, ಶತಮಾನಗಳ ನಂಬಿಕೆಯೊಂದು ಇಲ್ಲಿ ಇಂದಿಗೂ ಜೀವಂತವಾಗಿದೆ! ಊರಿನ ಅತ್ಯಂತ ಹಿರಿಯ ಬಾಗಿಲನ್ನು...” ಎಂದು ಮೊಬೈಲಿನ ಯಲ್ಲೇಶ ಕೂಗುತ್ತಿದ್ದ. ಅವನ ಹಿಂದೆ ನಿಂತ ಗುಡದಪ್ಪ ಆಗಲೇ ಹೌದೆಂಬಂತೆ ತಲೆಯಾಡಿಸುತ್ತಿದ್ದ.

ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಯಲ್ಲೇಶ ಕೈಮುಗಿದ. “ಅದು ಸುಳ್ಳ್ರಿ. ಆವಾಗ ಹೇಳಾಕ ಏನೂ ಇರಲಿಲ್ಲ, ನಿಂತ ನಿಲುವಿನಾಗ ಹುಟ್ಟಿಸಿದ್ದು.”

ಗುಡದಪ್ಪ ಅವನ ಬೆನ್ನು ಸವರಿದ. “ಬಾಗಿಲಾ ಹೋದ ಸಂಕಟಕ್ಕ ಹಂಗ ಅಂತೀರಿ, ನಮಗ ತಿಳೀತೈತ್ರಿ. ಟಿವಿಯೊಳಗ ಬಂದದ್ದು ಸುಳ್ಳು ಹೆಂಗ ಆಕ್ಕೈತಿ?”

ಚಾವಡಿಯ ಎದುರು ಚಹಾ, ಮಿರ್ಚಿ ಮಾರುವ ಅಜೀಜಾಬಿಯೂ ಬಂದಳು. “ನಮ್ಮತ್ತಿ ಹೇಳತಿದ್ಲು ನೋಡ್ರಿ,” ಎಂದಳು ಗಲ್ಲಕ್ಕೆ ಕೈ ಹಚ್ಚಿ, “ಅವರ ಕಾಲದಾಗೂ ಒಂದು ಬಾಗಿಲಾ ಕೊಟ್ಟಿದ್ರಂತ. ಭಾರೀ ಮಳಿ ಆತಂತ.” ಮಧ್ಯಾಹ್ನದ ಹೊತ್ತಿಗೆ ತಮ್ಮ ತಮ್ಮ ಮುತ್ತಜ್ಜಂದಿರು ಕೊಟ್ಟ ಬಾಗಿಲುಗಳು ಊರಿನ ಅರ್ಧ ಮಂದಿಗೆ ನೆನಪಾಗಿದ್ದವು.

ಯಲ್ಲೇಶ ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿ, ಇಒ ಸಾಹೇಬರಿಗೆ ಫೋನು ಮಾಡಿದ.

“ಪೊಲೀಸ್ ಕಂಪ್ಲೇಂಟ್ ಕೊಡ್ರಿ,” ಎಂದರು ಸಾಹೇಬರು.

“ಕೊಟ್ರ ಬಾಗಿಲಾ ಜಪ್ತಿ ಮಾಡಿ ಠಾಣೆಗೆ ಒಯ್ತಾರ್ರಿ ಸರ್. ಕೇಸು ಮುಗಿಯೂತನಕ ಅಲ್ಲೇ.”

“ಹಂಗಾರ ಹೊಸಾದು ಕೂಡಸ್ರಿ. ಎಸ್ಟಿಮೇಟ್ ಕಳಸ್ರಿ, ಮಂಜೂರಾತಿ ಬರ್ಲಿ, ಟೆಂಡರ್ ಆಗ್ಲಿ. ಅಲ್ಲೀತನಕ ದಫ್ತರ, ಕಂಪ್ಯೂಟರ್ ಎಲ್ಲಾ ನಿಮ್ಮ ಜವಾಬ್ದಾರಿ. ಕಚೇರಿ ಬಿಟ್ಟು ಕದಲಬ್ಯಾಡ್ರಿ.”

“ಸಂಜೀಮುಂದ ಮಲಕಪ್ಪನ್ನ ಕಾವಲಾ ಕೂಡಸಲೇನ್ರಿ?”

“ಅಂವ ನೀರು ಬಿಡೂ ಮನಷ್ಯಾರಿ. ಬ್ಯಾರೆ ಯಾರನ್ನರ ಕಾವಲಾ ಇಡಬೇಕಂದ್ರ ಹುದ್ದೆ ಮಂಜೂರಾಗಬೇಕು. ನಿಯಮದಾಗ ಬಾಗಿಲಾ ಐತಿ, ಕಾವಲುಗಾರ ಇಲ್ಲ.”

ಅಂದು ಐದೂವರೆ ಬಂತು, ಹೋಯಿತು. ಎಳೆಯಲು ಏನೂ ಇರಲಿಲ್ಲ. ಯಲ್ಲೇಶ ಕುರ್ಚಿಯಲ್ಲಿ ಕುಳಿತೇ ಇದ್ದ. ಹೊಲದಿಂದ ಬರುವವರು ಇಣುಕಿ ನೋಡಿದರು. ಬಾಗಿಲು ತೆರೆದಿದೆ ಎಂದರೆ ಕಚೇರಿ ತೆರೆದಿದೆ; ಇದಕ್ಕೆ ಕಾನೂನು ಓದಬೇಕಿಲ್ಲ. ಒಬ್ಬ ಎತ್ತನ್ನು ಕಂಬಕ್ಕೆ ಕಟ್ಟಿ ಮನೆಯ ದಾಖಲೆಯ ಉತಾರ ಕೇಳಲು ಬಂದ. ಇನ್ನೊಬ್ಬಳು ದೀಪ ಹಚ್ಚಿಟ್ಟು ಬಂದು ಪಿಂಚಣಿ ಯಾಕೆ ನಿಂತಿದೆ ಎಂದು ಕೇಳಿದಳು. ಮರುದಿನ ನಸುಕಿನಲ್ಲಿ, ಇವನು ಕಡತದ ಗಂಟಿನ ಮೇಲೆ ತಲೆಯಿಟ್ಟು ಮಲಗಿರುವಾಗ, ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡ ಒಬ್ಬ ಹಿರಿಯ ಎದುರಿಗೆ ಕುಳಿತು, “ನೀವು ಏಳ್ರಿ, ಅವಸರಿಲ್ಲ. ನಲ್ಲೀದೊಂದು ತಕರಾರೈತಿ,” ಎಂದ. ಗಂಡಹೆಂಡಿರ ಜಗಳ ಬಂತು. ಒಂದು ಕರು ಬಂತು, ಅದರ ಒಡೆಯ ಮಾತ್ರ ಬರಲಿಲ್ಲ. ಯಾರೋ ಮೆಣಸಿನಕಾಯಿ ಚೀಲ ಒಳಗಿಟ್ಟು ಸಂತೆಗೆ ಹೋದರು, ಕಂಪ್ಯೂಟರ್ ಮುಂದೆ ಕುಳಿತವರೆಲ್ಲ ಸೀನತೊಡಗಿದರು.

ಇದರಲ್ಲಿ ಕೇಡೆಂದರೆ ಕೆಲಸಗಳು ಆಗತೊಡಗಿದ್ದು. ವರ್ಷಗಳಿಂದ ನಿಂತ ಉತಾರಗಳು ಹೊರಬಿದ್ದವು, ಪಿಂಚಣಿ ಹರಿಯಿತು, ಜಗಳಗಳು ಅಜೀಜಾಬಿಯ ಮಿರ್ಚಿ ತಿನ್ನುತ್ತ ಬಗೆಹರಿದವು. ಊರಿಗೆ ಇಂಥ ಅಧಿಕಾರಿ ಎಂದೂ ಬಂದಿರಲಿಲ್ಲ. ಜನ ಅವನಿಗೆ ಮನೆಯಿಂದ ಬುತ್ತಿ ತಂದರು. ಬುತ್ತಿ ಬಿಚ್ಚುವಷ್ಟರಲ್ಲಿ ಇನ್ನೊಬ್ಬರು ಬರುತ್ತಿದ್ದರು. ಟಿವಿಯಲ್ಲಿ ಅರ್ಧ ಊಟಕ್ಕೆ ಎದ್ದು ಹೋಗಬೇಕಿತ್ತು, ಇಲ್ಲಿ ಏಳುವ ಹಾಗೂ ಇರಲಿಲ್ಲ.

ಸುಮಂಗಲಾ ಮೊದಲ ಸಂಜೆ ಫೋನು ಮಾಡಿ, “ರೊಟ್ಟಿ ಬಡೀಲೇನ್ರಿ?” ಎಂದಳು. ಎರಡನೆಯ ಸಂಜೆ, “ಬರ್ತೀರೇನ್ರಿ?” ಎಂದಳು. ಮೂರನೆಯ ಸಂಜೆ ಅವನೇ ಮಾಡಿದ.

“ಸುಮಾ, ಬಾಗಿಲಾ ಇಲ್ಲಬೇ. ನಾ ಏನ್ಮಾಡ್ಲಿ?”

“ಏನೂ ಮಾಡಬ್ಯಾಡ್ರಿ. ಹುಣ್ಣಿವಿ ದಿನಾ ಸಂಜೀಕ ನಾ ಅವ್ವನ ಮನಿಗೆ, ತಂಬೂರಿಗೆ ಹೊಂಟೀನಿ.” ಕತ್ತರಿಯಿಂದ ದಾರ ಕತ್ತರಿಸಿದ ಸದ್ದು ಕೇಳಿಸಿತು. “ಟಿವಿಯಾಗಿದ್ದಾಗ ಮಾರೀನಾದ್ರೂ ಕಾಣತಿತ್ತು.”

ಫೋನು ಇಟ್ಟ ಮೇಲೆ ಯಲ್ಲೇಶ ಎದುರಿನ ಖಾಲಿ ಚೌಕಟ್ಟನ್ನು ನೋಡಿದ. ಬಾಯಾರಿದವನಿಗೆ ಬಾವಿ ತೋರಿಸಿ ಹಗ್ಗ ಕೊಯ್ದ ಹಾಗಾಗಿತ್ತು. ಅವಳು ಹೋದರೆ ತಿರುಗಿ ಬರುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಸಿಟ್ಟು ಮಾಡಿ ಹೋದವರು ಬರುತ್ತಾರೆ, ಸಮಾಧಾನದಿಂದ ಹೋದವರು ಬರುವುದಿಲ್ಲ. ಅವನಿಗೆ ಅಳು ಬಂತು. ಅಳಲಿಕ್ಕೂ ಪುರುಸೊತ್ತಿಲ್ಲದಂತೆ ಒಬ್ಬ ಮನೆಪಟ್ಟಿ ಕಟ್ಟಲು ಬಂದ.

ಹುಣ್ಣಿಮೆಯ ದಿನ ಮಧ್ಯಾಹ್ನ ಇಒ ಸಾಹೇಬರದೇ ಫೋನು. ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು. “ಯಲ್ಲೇಶ್, ಮ್ಯಾಲಿನವರು ಅಗದಿ ಖುಷಿ ಆಗ್ಯಾರ! ಹಗಲೂ ರಾತ್ರಿ ತೆರೆದ ಕಚೇರಿ! ಮುಂದಿನ ತಿಂಗಳಿಂದ ತಾಲ್ಲೂಕಿನ ಎಲ್ಲಾ ಪಂಚಾಯ್ತಿ ಬಾಗಿಲಾ ತಗಸೂ ವಿಚಾರ ಐತಿ. ಸಂಜೀಕ ನಿಮ್ಮ ಹಳೇ ಚಾನೆಲ್ಲಿನವರು ಬರ್ತಾರ, ಲೈವ್. ಚೊಲೋತ್ನಾಗಿ ಮಾತಾಡ್ರಿ. ನಿಮಗೇನು ಕಲಸಬೇಕಾಗಿಲ್ಲ.”

ಐದರ ಸುಮಾರಿಗೆ ಬಂದವನು ಹೇಮಂತ. ಹಿಂದೆ ಇಬ್ಬರೂ ಒಂದೇ ಗಾಡಿಯಲ್ಲಿ ಸುದ್ದಿಗೆ ಅಲೆದವರು. ಈಗ ಯಲ್ಲೇಶನ ಮೈಕ್ ಅವನ ಕೈಯಲ್ಲಿತ್ತು. ಕಣ್ಣು ಕೆಂಪಾಗಿದ್ದವು, ಊಟ ಮಾಡಿದ ಹಾಗೆ ಕಾಣಲಿಲ್ಲ. ಸುಡುವ ಹೊತ್ತು ಹತ್ತಿರ ಬಂದಿದ್ದರಿಂದ ಬಯಲಿನಲ್ಲಿ ಊರಿಗೆ ಊರೇ ನೆರೆದಿತ್ತು. ರಾಶಿಯ ಮುಂದೆ ಯಲ್ಲೇಶನನ್ನು ನಿಲ್ಲಿಸಿದರು. ಹಲಗೆ ಬಡಿಯುವವರಿಗೆ ಸ್ವಲ್ಪ ತಡೆಯಲು ಹೇಳಿದರು.

“ವೀಕ್ಷಕರೇ, ದೇಶದಲ್ಲೇ ಮೊದಲ ಬಾಗಿಲಿಲ್ಲದ ಸರಕಾರಿ ಕಚೇರಿ ಇದು! ಯಲ್ಲೇಶ್ ಅವರೇ, ಜನರಿಗಾಗಿ ಬಾಗಿಲನ್ನೇ ತ್ಯಾಗ ಮಾಡುವ ಈ ಕಲ್ಪನೆ ನಿಮಗೆ ಹೇಗೆ ಹೊಳೆಯಿತು?”

ಹೇಮಂತ ಮೈಕನ್ನು ಅವನ ಬಾಯಿಗೆ ಹಿಡಿದ. ನನಗೆ ಹೊಳೆಯಲಿಲ್ಲ, ನನಗೆ ಮನೆಗೆ ಹೋಗಬೇಕಾಗಿದೆ ಎಂದು ಹೇಳಲು ಯಲ್ಲೇಶ ಬಾಯಿ ತೆರೆದ. ತೆರೆದವನು ಗುಡದಪ್ಪನ ಮುಖ ನೋಡಿದ. ನಿಜವನ್ನು ಈ ಊರಿಗೆ ಒಮ್ಮೆ ಹೇಳಿ ಆಗಿತ್ತು, ಅದರಿಂದ ಒಂದು ಚಿಲಕವೂ ತಿರುಗಿ ಬಂದಿರಲಿಲ್ಲ. ಅವನ ದನಿ ತಾನಾಗಿ ಮೇಲೇರಿತು.

“ವೀಕ್ಷಕರೇ, ಈ ಆಚರಣೆಯ ಇನ್ನೊಂದು ಮುಖ ಇದುವರೆಗೆ ಯಾರಿಗೂ ತಿಳಿದಿಲ್ಲ! ಕಾಮ ಸುಟ್ಟಾಗ ರತಿದೇವಿ ಶಿವನ ಮುಂದೆ ಸೆರಗೊಡ್ಡಿ ಬೇಡಿದಳು. ಅದರಂತೆ, ಬಾಗಿಲು ಕಳೆದುಕೊಂಡವನ ಹೆಂಡತಿ ಬೆಂಕಿ ಬೀಳುವ ಮೊದಲು ಬಂದು ಈ ರಾಶಿಯ ಮುಂದೆ ಉಡಿ ಒಡ್ಡಿದರೆ, ಅವಳು ಕೇಳಿದ್ದನ್ನು ಊರು ಕೊಡಲೇಬೇಕು! ಕೊಡದಿದ್ದರೆ ಏಳು ತಲೆಮಾರು ಊರಿಗೆ ಒಳ್ಳೆಯದಾಗುವುದಿಲ್ಲ! ಗುಡಗೇರಿಯ ಶ್ರೀಮತಿ ಸುಮಂಗಲಾ ಅವರು ಎಲ್ಲಿದ್ದರೂ ಕೂಡಲೇ ಬರಬೇಕು!”

ಹೇಮಂತನ ಹುಬ್ಬು ಮೇಲೇರಿತು. ಅವನೂ ಅದೇ ಅಂಗಡಿಯ ಮಾಲು, ಸರಕು ನೋಡಿದರೆ ತಿಳಿಯುತ್ತದೆ. ಆದರೂ ಬಾಯಿ ಬಿಡಲಿಲ್ಲ. ಊರಿನವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. “ಹೌದೌದು, ಉಡೀದು ಮರತ ಬಿಟ್ಟಿದ್ವಿ,” ಎಂದ ಗುಡದಪ್ಪ ಹಣೆ ಬಡಿದುಕೊಂಡು. “ಹೆಣ್ಮಗಳು ಬರೂತನಕ ಬೆಂಕಿ ಹಚ್ಚಬ್ಯಾಡ್ರಲೇ!”

ಐದೂವರೆ ಆಯಿತು. ಬಿಸಿಲು ಇಳಿಯಿತು. ಯಲ್ಲೇಶ ಗುಡಗೇರಿಯ ದಾರಿಯನ್ನೇ ನೋಡುತ್ತಿದ್ದ. ಅವಳು ಟಿವಿ ಹಚ್ಚಿರಲಿಕ್ಕಿಲ್ಲ, ಬಸ್ಸಿಗೆ ನಿಂತಿರಬಹುದು, ಬಸ್ಸು ಹತ್ತಿಯೂ ಇರಬಹುದು. ಕಡೆಗೆ ಒಂದು ಟಂಟಂ ರಿಕ್ಷಾ ಧೂಳೆಬ್ಬಿಸಿಕೊಂಡು ಬಂದು ಬಯಲಿನ ಅಂಚಿಗೆ ನಿಂತಿತು. ಸುಮಂಗಲಾ ಇಳಿದಳು. ಊರಿಗೆ ಹೊರಟ ಬ್ಯಾಗು ಕೈಯಲ್ಲೇ ಇತ್ತು. ಜನ ಸರಿದು ದಾರಿ ಬಿಟ್ಟರು.

ಅವಳು ಗಂಡನ ಕಡೆ ನೋಡಲಿಲ್ಲ. ಬ್ಯಾಗು ಕೆಳಗಿಟ್ಟು, ರಾಶಿಯ ಮುಂದೆ ನಿಂತು, ಸೆರಗು ಹರವಿ ಉಡಿ ಒಡ್ಡಿದಳು.

“ಕೇಳವಾ ತಂಗಿ,” ಎಂದ ಗುಡದಪ್ಪ. ನಾಲ್ಕು ಮಂದಿ ಆಗಲೇ ಬಾಗಿಲನ್ನು ಇಳಿಸಲು ರಾಶಿ ಹತ್ತಿದ್ದರು.

“ಬಾಗಿಲಾ ನಿಮ್ಮ ಕಾಮಣ್ಣಗ ಇರ್ಲಿ,” ಎಂದಳು ಸುಮಂಗಲಾ. “ನನಗ ನನ್ನ ಗಂಡನ್ನ ಕೊಡ್ರಿ. ದಿನಾ. ಐದೂವರಿಗೆ.”

ರಾಶಿ ಹತ್ತಿದವರು ಬಾಗಿಲು ಹಿಡಿದುಕೊಂಡೇ ನಿಂತರು. ಇದು ಯಾರ ಮುತ್ತಜ್ಜನಿಗೂ ಬಂದ ಪ್ರಸಂಗವಲ್ಲ. “ಸಾಹೇಬರು ಸರಕಾರದವರು, ನಾವು ಹೆಂಗ ಕೊಡಾಕ ಬರತೈತಿ?” ಎಂದ ಮಲಕಪ್ಪ. “ಬಾಗಿಲಾನೂ ಸರಕಾರದ್ದ ಇತ್ತಲ್ಲ, ತಂದೀವಿಲ್ಲ?” ಎಂದಳು ಅಜೀಜಾಬಿ. ಎಲ್ಲರೂ ಗುಡದಪ್ಪನನ್ನು ನೋಡಿದರು. ಗುಡದಪ್ಪ ಬಹಳ ಹೊತ್ತು ಮೀಸೆ ತಿರುವಿದ.

“ರತಿದೇವಿ ಬೇಡಿದ್ದೂ ಗಂಡನ್ನ,” ಎಂದ ಕೊನೆಗೆ. “ಆಕಿ ಬಾಗಿಲಾ ಬೇಡಿರಲಿಲ್ಲ. ಕೊಡದ ಇರಾಕ ಬರೂದಿಲ್ಲ.”

“ಮತ್ತ ಕಚೇರಿ?” ಎಂದ ಯಲ್ಲೇಶ. “ಕಾವಲಾ ಇಡಾಕ ನಿಯಮ ಇಲ್ಲ.”

“ಕಾವಲಾ ಯಾರು ಇಡತಾರ? ಬಾಗಿಲಾ ತಂದವರು ನಾವು, ಬಾಗಿಲಾ ಆಗೂದೂ ನಮ್ಮ ಪಾಲಿಗ ಬಂದೈತಿ.”

ಗುಡದಪ್ಪ ಮನೆಯಿಂದ ಹೊರಸು ತರಿಸಿದ. ಚಾವಡಿಯ ಚೌಕಟ್ಟಿನಲ್ಲಿ ಅದನ್ನು ಅಡ್ಡ ಹಾಕಿಸಿ, ಮೇಲೆ ನೆಟ್ಟಗೆ ಮಲಗಿಕೊಂಡು ಕಣ್ಣು ಮುಚ್ಚಿದ. ಕೀಲಿಯನ್ನು ಇಷ್ಟು ದಿನ ಕೈಯಲ್ಲೇ ಹಿಡಿದು ತಿರುಗುತ್ತಿದ್ದ ಮಲಕಪ್ಪ ಸ್ವಲ್ಪ ಯೋಚಿಸಿ, ಅದನ್ನು ಗುಡದಪ್ಪನ ಉಡದಾರಕ್ಕೆ ಹಾಕಿ, ಜಗ್ಗಿ ನೋಡಿದ. ಅಷ್ಟರಲ್ಲೇ ಒಬ್ಬ ಏನೋ ಅರ್ಜಿ ಹಿಡಿದು ಬಂದ. “ಬಾಗಿಲಾ ಹಾಕೇತಿ,” ಎಂದಿತು ಬಾಗಿಲು, ಕಣ್ಣು ತೆರೆಯದೆ. ಅವನು ಅರ್ಜಿ ಮಡಚಿಕೊಂಡು ಹೋದ. ಮರುದಿನದಿಂದ ಮನೆಗೊಬ್ಬರಂತೆ ಪಾಳಿ ಎಂದು ಅಲ್ಲಿಯೇ ಠರಾವಾಯಿತು.

ಯಲ್ಲೇಶನ ಫೋನು ಹೊಡೆದುಕೊಂಡಿತು, ಇಒ ಸಾಹೇಬರು. ಟಿವಿ ನೋಡಿ ಅವರಿಗೆ ತಲೆ ಕೆಟ್ಟಿತ್ತು. “ಏನ್ರಿ ಇದು? ಯಾರನ್ನ ಕಾವಲಾ ಇಟ್ರಿ? ಹುದ್ದೆ ಎಲ್ಲೈತಿ?”

“ಕಾವಲಾ ಅಲ್ರಿ ಸರ್, ಬಾಗಿಲಾ. ಕೀಲಿ ಹಾಕೇವಿ.”

ಸಾಹೇಬರು ನಿಯಮ ನೆನೆಸಿಕೊಂಡಿರಬೇಕು. “ಗಟ್ಟಿ ಐತಿಲ್ಲ ಬಾಗಿಲಾ?”

“ಗಟ್ಟಿ ಐತ್ರಿ. ಹಿರೇದು.”

“ಹಂಗಾರ ಆತು ಬಿಡ್ರಿ,” ಎಂದು ಅವರು ಫೋನು ಇಟ್ಟರು.

ಗಂಡಹೆಂಡತಿ ಅದೇ ಟಂಟಂ ಹತ್ತಿದರು. ಊರು ದಾಟುವಾಗ ಹಿಂದೆ ಬೆಂಕಿ ಎದ್ದಿತು. ಮಂದಿ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಳ್ಳತೊಡಗಿದರು. ಸಾಗವಾನಿ ಬಾಗಿಲು ಚಟಪಟ ಎನ್ನುವುದು ಅಲ್ಲಿಯ ತನಕ ಕೇಳಿಸುತ್ತಿತ್ತು. ಸುಮಂಗಲಾ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು.

“ಉಡಿ ಒಡ್ಡೂ ಪದ್ಧತಿ ಯಾವೂರಾಗೈತ್ರಿ?” ಎಂದಳು ಸ್ವಲ್ಪ ದೂರ ಹೋದ ಮೇಲೆ.

ಯಲ್ಲೇಶ ತಲೆ ತಗ್ಗಿಸಿದ. “ಎಲ್ಲೂ ಇಲ್ಲ. ಸುಳ್ಳು ಅದು.”

“ಗೊತ್ತಿತ್ತು. ನಿಮ್ಮ ದನಿ ಏರಿತಂದ್ರ ಸುಳ್ಳು. ಮದವಿ ದಿನಾನ ತಿಳಕೊಂಡೀನಿ.”

“ಗೊತ್ತಿದ್ದೂ ಯಾಕ ಬಂದಿಬೇ ಮತ್ತ?”

ಅವಳು ಸೆರಗಿನ ತುದಿಗೆ ಹತ್ತಿದ ಧೂಳು ಕೊಡವಿದಳು.

“ಇಷ್ಟು ವರ್ಷ ಊರ ಮಂದಿಗೆಲ್ಲಾ ಸುಳ್ಳು ಹೇಳೀರಿ,” ಎಂದಳು. “ಅದರಾಗ ನನ್ನ ಹೆಸರು ಹಿಡದು ಬಾ ಅಂದದ್ದು ಇದೊಂದ ನೋಡ್ರಿ.”